ಚಾರಣಕ್ಕೆ ಗಾಳಿ ಹಾಸಿಗೆ: ಕಡಿಮೆ ಖರ್ಚಿನಲ್ಲಿ ಸರಿಯಾದ ಆಯ್ಕೆ ಹೇಗೆ?

ಬಯಲಿನಲ್ಲಿ ಮಲಗುವುದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗೆ ಹೊಸದೇನೂ ಅಲ್ಲ. ಕಾಯಿ ಕೆಡವಿ ರಾಶಿ ಹಾಕಿದ ದಿನಗಳಲ್ಲಿ, ಕೊಬ್ಬರಿ ಸುಲಿಸಿ ಚೀಲ ಕಟ್ಟಿಟ್ಟ ರಾತ್ರಿಗಳಲ್ಲಿ ಮನೆಯವರಲ್ಲಿ ಯಾರಾದರೊಬ್ಬರು ತೋಟದಲ್ಲೋ ಕೊಬ್ಬರಿ ಮನೆಯ ಬಾಗಿಲಲ್ಲೋ ಮಲಗುವ ವಾಡಿಕೆ ಇಂದಿಗೂ ಇದೆ. ಕೆಳಗೆ ಗೋಣಿತಾಟು ಇಲ್ಲವೇ ಈಚಲು ಚಾಪೆ, ಅದರ ಮೇಲೊಂದು ಕರಿ ಕಂಬಳಿ. ಇಷ್ಟಾದರೆ ಧನುರ್ಮಾಸದ ಚಳಿಯೂ ಕಳೆಯುತ್ತದೆ. ಅದೇ ಮನೆಗಳ ಮಕ್ಕಳು ಇಂದು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾರೆ. ವಾರಾಂತ್ಯಕ್ಕೆ ಚಿಕ್ಕಮಗಳೂರು, ಕೊಡಗಿನ ಬೆಟ್ಟಗಳು, ವರ್ಷಕ್ಕೊಮ್ಮೆ ಹಿಮಾಲಯ ಎಂದು ಬೆನ್ನಿಗೆ ಚೀಲ ಏರಿಸಿ ಹೊರಡುವವರಲ್ಲಿ ಅವರೂ ಸೇರಿದ್ದಾರೆ. ಗೋಣಿತಾಟನ್ನು ಹೊತ್ತುಕೊಂಡು ಬೆಟ್ಟ ಹತ್ತಲಾಗದು. ಆಗ ಕಣ್ಣಿಗೆ ಬೀಳುವುದು ಊದಿದರೆ ಹಾಸಿಗೆ, ಮಡಿಸಿದರೆ ಒಂದು ಲೀಟರಿನ ನೀರಿನ ಬಾಟಲಿಯಷ್ಟೇ ಆಗುವ ಗಾಳಿ ಹಾಸಿಗೆ.

ಇದರ ಬೆಲೆ ಕೆಲವೇ ನೂರು ರೂಪಾಯಿಗಳಿಂದ ಆರಂಭವಾಗಿ ಹತ್ತು ಸಾವಿರವನ್ನೂ ದಾಟುತ್ತದೆ. ನೋಟಕ್ಕೆ ಎಲ್ಲವೂ ಒಂದೇ ಬಗೆ. ವ್ಯತ್ಯಾಸ ತಿಳಿಯುವುದು ರಾತ್ರಿ ಎರಡು ಗಂಟೆಗೆ, ಅದೂ ಅಂಗಡಿಗೆ ಹಿಂದಿರುಗಿಸಲಾಗದಷ್ಟು ದೂರದಲ್ಲಿ. ಆದುದರಿಂದ ಕೊಳ್ಳುವ ಮುನ್ನ ಕೆಲವು ಸಂಗತಿಗಳನ್ನು ಅರಿತಿರುವುದು ಒಳ್ಳೆಯದು.

ಚಳಿ ಬರುವುದು ಕೆಳಗಿನಿಂದ

ಹಾಸಿಗೆಯೆಂದರೆ ಮೆತ್ತಗಿರಬೇಕು ಎಂಬುದು ಸಾಮಾನ್ಯ ಭಾವನೆ. ಚಾರಣದಲ್ಲಿ ಮೆತ್ತನೆಯ ಗುಣಕ್ಕೆ ಎರಡನೆಯ ಸ್ಥಾನ. ಮೊದಲನೆಯದು, ಮೈಯ ಶಾಖ ನೆಲಕ್ಕೆ ಇಳಿದುಹೋಗದಂತೆ ತಡೆಯುವುದು. ಸ್ಲೀಪಿಂಗ್ ಬ್ಯಾಗ್ ಇದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿರುವುದು ಅದರ ಒಳಗಿನ ಹತ್ತಿ, ಪುಕ್ಕ ಅಥವಾ ಕೃತಕ ಎಳೆಗಳು ಉಬ್ಬಿಕೊಂಡು ಗಾಳಿಯನ್ನು ಹಿಡಿದಿಡುವುದರಿಂದ. ಬೆನ್ನಿನ ಅಡಿ ಸಿಕ್ಕ ಭಾಗ ಮೈಭಾರಕ್ಕೆ ಅಪ್ಪಚ್ಚಿಯಾಗಿ ಆ ಗುಣವನ್ನು ಬಹುಪಾಲು ಕಳೆದುಕೊಳ್ಳುತ್ತದೆ. ಎಷ್ಟೇ ದುಬಾರಿಯ ಬ್ಯಾಗಿನಲ್ಲಿ ಮಲಗಿದರೂ ಕೆಳಗಿನ ಹಾಸು ದುರ್ಬಲವಾಗಿದ್ದರೆ ಸೊಂಟ, ಭುಜಗಳು ತಣ್ಣಗಾಗಿ ನಿದ್ರೆ ಹಾರಿಹೋಗುವುದು ಇದೇ ಕಾರಣಕ್ಕೆ.

ನಿದ್ರೆಗೆಟ್ಟು ಚಳಿಯಲ್ಲಿ ನಡುಗಿದವನಿಗೆ ಮರುದಿನದ ನಡಿಗೆ ಕಷ್ಟ. ಹಿಮಾಲಯದಲ್ಲಿ ಅದು ಕಷ್ಟಕ್ಕೆ ನಿಲ್ಲುವುದಿಲ್ಲ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋಗಿದ್ದ ತಂಡವೊಂದು ಹಿಮಗಾಳಿಗೆ ಸಿಲುಕಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡದ್ದು ಓದುಗರಿಗೆ ನೆನಪಿರಬಹುದು. ಆ ದುರಂತಕ್ಕೆ ಹಾಸಿಗೆ ಕಾರಣವಾಗಿರಲಿಲ್ಲ. ದಾರಿಯಲ್ಲಿ ಎರಗಿದ ಬಿರುಗಾಳಿ, ಹಿಮ, ಅವುಗಳ ಜೊತೆಗೆ ಬಂದ ಕಡುಶೀತ ಕಾರಣವಾದವು. ಆದರೆ ನಾಲ್ಕು ಸಾವಿರ ಮೀಟರಿಗೂ ಮಿಗಿಲಾದ ಎತ್ತರದಲ್ಲಿ, ಅದೂ ನಮ್ಮೂರಲ್ಲಿ ಬೇಸಿಗೆ ಆಗತಾನೇ ಮುಗಿದ ದಿನಗಳಲ್ಲಿ, ಮೈಶಾಖ ಎಷ್ಟು ಬೇಗ ಸೋರಿಹೋಗಬಲ್ಲದು ಎಂಬುದನ್ನು ಅದು ನಾಡಿಗೇ ತಿಳಿಸಿತು. ಅಂಥ ಕಡೆ ರಾತ್ರಿ ಕಳೆಯುವವರು ಹಾಸಿಗೆಯನ್ನು ಸುಖಸಾಧನವೆಂದಲ್ಲ, ರಕ್ಷಣಾ ಸಾಧನವೆಂದು ಎಣಿಸಬೇಕು.

ತೆಂಗಿನ ನಾರು ಹೇಳುವ ಲೆಕ್ಕ

ಗಾಳಿ ಹಾಸಿಗೆಯ ಒಳಗುಟ್ಟು ತಿಳಿಯಲು ತಿಪಟೂರಿನ ಸಿಪ್ಪೆಯ ರಾಶಿಯನ್ನು ನೋಡುವುದು ಉಪಯುಕ್ತ. ಈ ಸೀಮೆಯಲ್ಲಿ ಎಳೆಗಾಯಿಯ ಸಿಪ್ಪೆಯನ್ನು ಹಿನ್ನೀರಿನಲ್ಲಿ ಕೊಳೆಹಾಕಿ ಬಿಳಿನಾರು ತೆಗೆಯುವ ಕೇರಳದ ಕ್ರಮವಿಲ್ಲ. ಉಂಡೆ ಕೊಬ್ಬರಿಗಾಗಿ ಬಲಿತ ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಡುವುದರಿಂದ ಇಲ್ಲಿ ಸಿಗುವುದು ಒಣ ಸಿಪ್ಪೆ, ಕಂದು ನಾರು. ಅದನ್ನು ಯಂತ್ರದಲ್ಲಿ ಬಿಡಿಸಿ, ಸುರುಳಿ ಹಗ್ಗವಾಗಿ ಹೊಸೆದು, ಮತ್ತೆ ಬಿಚ್ಚಿ, ರಬ್ಬರ್ ಹಾಲು ಸಿಂಪಡಿಸಿ ಒತ್ತಿದರೆ ರಬ್ಬರ್ ಲೇಪಿತ ನಾರಿನ ಹಾಸಿಗೆ. ಅಂಗಡಿಗಳಲ್ಲಿ ‘ಕಾಯರ್ ಬೆಡ್’ ಎಂದು ಮಾರಾಟವಾಗುವುದು ಇದೇ. ಈ ಉದ್ಯಮದ ಬೆಂಬಲಕ್ಕೆಂದು ರಾಜ್ಯ ಸರ್ಕಾರ 1985ರಲ್ಲಿ ತೆಂಗಿನ ನಾರು ಅಭಿವೃದ್ಧಿ ನಿಗಮವನ್ನೂ ಸ್ಥಾಪಿಸಿತು.

ನಾರಿನ ಹಾಸಿಗೆಯಲ್ಲಿ ಬೆಚ್ಚಗಿಡುವುದು ನಾರಲ್ಲ, ನಾರಿನ ಸಂದುಗಳಲ್ಲಿ ಕದಲದೆ ನಿಂತ ಗಾಳಿ. ಕಂಬಳಿಯ ಗುಟ್ಟೂ ಇದೇ. ಕದಲದ ಗಾಳಿಯಷ್ಟು ಅಗ್ಗವಾದ, ಹಗುರವಾದ ಶಾಖರೋಧಕ ಬೇರೊಂದಿಲ್ಲ. ಹಾಗಾದರೆ ಬರೀ ಗಾಳಿಯನ್ನೇ ತುಂಬಿದ ಹಾಸಿಗೆ ಎಲ್ಲಕ್ಕಿಂತ ಬೆಚ್ಚಗಿರಬೇಕಲ್ಲವೇ? ಐದು ಸೆಂಟಿಮೀಟರ್ ದಪ್ಪದ ನಿಶ್ಚಲ ಗಾಳಿಗೆ, ಮುಂದೆ ವಿವರಿಸಲಾಗುವ ಆರ್-ಮೌಲ್ಯದ ಲೆಕ್ಕದಲ್ಲಿ, ಹತ್ತಕ್ಕೂ ಹೆಚ್ಚು ಅಂಕ ಸಲ್ಲಬೇಕು. ವಾಸ್ತವದಲ್ಲಿ ಒಳಗೇನೂ ಇಲ್ಲದ ಸಾಧಾರಣ ಗಾಳಿ ಹಾಸಿಗೆಗೆ ಸಿಗುವುದು ಒಂದರ ಆಸುಪಾಸು ಮಾತ್ರ.

ಈ ನಷ್ಟಕ್ಕೆ ಕಾರಣ ಎರಡು. ಮಲಗಿದವನು ಮಗ್ಗುಲು ಬದಲಿಸಿದಂತೆಲ್ಲ ಒಳಗಿನ ಗಾಳಿ ಕೊಳವೆಯಿಂದ ಕೊಳವೆಗೆ ಓಡಾಡಿ ಬಿಸಿಯನ್ನು ಕದಡಿಬಿಡುತ್ತದೆ. ಅದಕ್ಕಿಂತ ಮುಖ್ಯವಾದುದು ವಿಕಿರಣ. ಬೆಚ್ಚನೆಯ ಮೇಲ್ಪದರ ತಣ್ಣನೆಯ ಕೆಳಪದರಕ್ಕೆ ನಡುವೆ ಯಾವ ತಡೆಯೂ ಇಲ್ಲದೆ ಶಾಖವನ್ನು ಬೀರುತ್ತಲೇ ಇರುತ್ತದೆ. ನಾರಿನ ಹಾಸಿಗೆಯಲ್ಲಿ ಸಾವಿರಾರು ಎಳೆಗಳು ಅಡ್ಡ ನಿಂತು ಈ ಎರಡನ್ನೂ ತಡೆಯುತ್ತವೆ. ಖಾಲಿ ಗಾಳಿ ಹಾಸಿಗೆಯಲ್ಲಿ ತಡೆಯುವವರಿಲ್ಲ. ಉತ್ತಮ ದರ್ಜೆಯವುಗಳಲ್ಲಿ ಹೊಳಪಿನ ತೆಳುಹಾಳೆಯನ್ನೋ, ಕೃತಕ ಎಳೆಗಳ ಪದರವನ್ನೋ, ಪುಕ್ಕವನ್ನೋ ಒಳಗೆ ಸೇರಿಸುವುದು ಈ ಕೊರತೆಯನ್ನು ನೀಗಿಸಲೆಂದೇ. ಬೆಲೆ ಏರುವುದೂ ಅಲ್ಲಿಯೇ. ದಪ್ಪ ಹೆಚ್ಚಿದ್ದರೆ ಬೆಚ್ಚಗಿರುತ್ತದೆಂದು ನಂಬಿ ಹತ್ತು ಸೆಂಟಿಮೀಟರಿನ ಖಾಲಿ ಹಾಸಿಗೆಯನ್ನು ಕೊಳ್ಳುವವರು ಮೋಸಹೋಗುವುದೂ ಅಲ್ಲಿಯೇ.

ಇಷ್ಟು ಒಳ್ಳೆಯ ನಾರಿನ ಹಾಸಿಗೆಯನ್ನೇ ಚಾರಣಕ್ಕೆ ಒಯ್ಯಬಾರದೇಕೆ ಎಂದು ತಿಪಟೂರಿನವರು ಕೇಳಿದರೆ ತಪ್ಪಿಲ್ಲ. ಲೆಕ್ಕ ಹಾಕಿ ನೋಡೋಣ. ಚಾರಣದ ಹಾಸಿಗೆಯ ರೂಢಿಯ ಅಳತೆ 183 ಸೆಂ.ಮೀ. ಉದ್ದ, 51 ಸೆಂ.ಮೀ. ಅಗಲ. ಐದು ಸೆಂ.ಮೀ. ದಪ್ಪದ ನಾರಿನ ಹಾಸಿಗೆಯನ್ನು ಈ ಅಳತೆಗೆ ಕತ್ತರಿಸಿದರೆ, ಘನ ಮೀಟರಿಗೆ 75 ಕಿಲೋ ಸಾಂದ್ರತೆಯೆಂದು ಇಟ್ಟುಕೊಂಡರೂ, ತೂಕ ಮೂರೂವರೆ ಕಿಲೋ ಆಗುತ್ತದೆ. ಮಡಿಸಲು ಬಾರದು, ನೆನೆದರೆ ಬೇಗ ಒಣಗದು. ಜೀಪಿನಲ್ಲಿ ಹೋಗಿ ಗುಡಾರ ಹಾಕುವವರಿಗೆ ಅದು ಅತ್ಯುತ್ತಮ. ಬೆನ್ನಿಗೆ ಹೊರುವವರಿಗಲ್ಲ.

ಆರ್-ಮೌಲ್ಯ ಎಂದರೇನು?

ಶಾಖವನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದರ ಅಳತೆಯೇ ಆರ್-ಮೌಲ್ಯ. ಅಂಕ ಹೆಚ್ಚಿದಷ್ಟೂ ಬೆಚ್ಚಗೆ. ಹಿಂದೆ ಒಂದೊಂದು ಕಂಪನಿ ಒಂದೊಂದು ಬಗೆಯಲ್ಲಿ ಅಳೆದು ತನಗೆ ಅನುಕೂಲವಾದ ಅಂಕಿಯನ್ನು ಅಚ್ಚುಹಾಕುತ್ತಿತ್ತು. 2018ರಲ್ಲಿ ಅಮೆರಿಕದ ಎ.ಎಸ್.ಟಿ.ಎಂ. ಸಂಸ್ಥೆ ಎಫ್ 3340 ಎಂಬ ಒಂದೇ ಪರೀಕ್ಷಾ ಕ್ರಮವನ್ನು ಗೊತ್ತುಪಡಿಸಿತು. ಊದಿದ ಹಾಸಿಗೆಯನ್ನು ಬಿಸಿ ಫಲಕ ಮತ್ತು ತಣ್ಣನೆಯ ಫಲಕಗಳ ನಡುವೆ ಇರಿಸಿ, ಬಿಸಿ ಫಲಕದ ಉಷ್ಣತೆಯನ್ನು ಕಾಯ್ದುಕೊಳ್ಳಲು ಎಷ್ಟು ಶಕ್ತಿ ವ್ಯಯವಾಯಿತು ಎಂಬುದನ್ನು ಅಳೆಯುವ ಕ್ರಮವಿದು. ಈಗ ಹೆಸರಾಂತ ತಯಾರಕರು ಇದೇ ಅಂಕವನ್ನು ಕೊಡುತ್ತಾರೆ. ಡಬ್ಬದ ಮೇಲೆ ಆರ್-ಮೌಲ್ಯವಿದ್ದು ಈ ಪರೀಕ್ಷೆಯ ಹೆಸರಿಲ್ಲದಿದ್ದರೆ ಅಂಕಿಯನ್ನು ಅನುಮಾನದಿಂದಲೇ ನೋಡಬೇಕು. ಆರ್-ಮೌಲ್ಯವೇ ಇಲ್ಲದೆ ‘ಎಲ್ಲ ಋತುಗಳಿಗೂ ಸೂಕ್ತ’ ಎಂದಷ್ಟೇ ಬರೆದಿದ್ದರೆ ಅದು ಬೆಚ್ಚನೆಯ ರಾತ್ರಿಗಳಿಗೆ ಮಾತ್ರ ಎಂದು ಓದಿಕೊಳ್ಳುವುದು ಕ್ಷೇಮ.

ಎಷ್ಟು ಬೇಕು? ರಾತ್ರಿಯ ಉಷ್ಣತೆ ಹತ್ತು ಡಿಗ್ರಿಗಿಂತ ಕೆಳಗಿಳಿಯದ ಕಡೆ ಒಂದರಿಂದ ಎರಡು ಸಾಕು. ತಿಪಟೂರಿನ ಬಯಲು, ಕರಾವಳಿ, ಮಲೆನಾಡಿನ ತಪ್ಪಲು ಈ ವರ್ಗಕ್ಕೆ ಸೇರುತ್ತವೆ. ಮುಳ್ಳಯ್ಯನಗಿರಿ, ಕುದುರೆಮುಖ, ತಡಿಯಂಡಮೋಳ್‌ನಂಥ ಎತ್ತರದ ಆಸುಪಾಸಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಕಳೆಯುವವರಿಗೆ ಎರಡರಿಂದ ಮೂರು ಇದ್ದರೆ ಒಳ್ಳೆಯದು. ಹಿಮಾಲಯದ ಬೇಸಿಗೆ ಚಾರಣಗಳಿಗೆ ನಾಲ್ಕರ ಸುತ್ತಮುತ್ತ. ಕೇದಾರಕಂಠದಂಥ ಕಡೆ ಚಳಿಗಾಲದಲ್ಲಿ ಹಿಮದ ಮೇಲೆಯೇ ಗುಡಾರ ಹಾಕುವುದಾದರೆ ಐದಕ್ಕಿಂತ ಕಡಿಮೆ ಬೇಡ. ಚಳಿಗೆ ಬೇಗ ನಡುಗುವ ಮೈಯವರು ಒಂದು ಮೆಟ್ಟಿಲು ಮೇಲಿನದನ್ನೇ ಆರಿಸಿಕೊಳ್ಳಬೇಕು.

ಖರ್ಚು ಉಳಿಸಬೇಕೆನ್ನುವವರಿಗೆ ಬಹಳ ಉಪಯೋಗವಾಗುವ ಸಂಗತಿಯೊಂದಿದೆ. ಆರ್-ಮೌಲ್ಯಗಳನ್ನು ನೇರವಾಗಿ ಕೂಡಿಸಬಹುದು. 1.3ರ ಗಾಳಿ ಹಾಸಿಗೆಯ ಅಡಿ 2ರ ಫೋಮ್ ಚಾಪೆ ಹಾಸಿದರೆ ಒಟ್ಟು 3.3. ಎರಡನ್ನೂ ಸೇರಿಸಿದರೂ ಬೆಲೆ ದುಬಾರಿ ಹಾಸಿಗೆಯೊಂದರ ಅರ್ಧವನ್ನೂ ಮುಟ್ಟುವುದಿಲ್ಲ. ಕೆಳಗಿನ ಫೋಮ್ ಮೇಲಿನದನ್ನು ಮುಳ್ಳಿನಿಂದ ಕಾಯುತ್ತದೆ. ಮೇಲಿನದು ಒಡೆದುಹೋದರೂ ರಾತ್ರಿ ಕಳೆಯಲು ಕೆಳಗೊಂದು ಉಳಿದಿರುತ್ತದೆ.

ಮೂರು ಬಗೆಗಳು

ಮೊದಲನೆಯದು ಫೋಮ್ ಚಾಪೆ. ಮುಚ್ಚಿದ ರಂಧ್ರಗಳ ಈ ಫೋಮ್ ನೀರು ಹೀರುವುದಿಲ್ಲ, ಒಡೆಯುವುದಿಲ್ಲ, ಊದಬೇಕಿಲ್ಲ. ಎರಡು ಸೆಂ.ಮೀ. ದಪ್ಪದ ಮಡಿಸುವ ಚಾಪೆ ಸುಮಾರು 400 ಗ್ರಾಂ ತೂಗಿ ಎರಡರಷ್ಟು ಆರ್-ಮೌಲ್ಯ ಕೊಡುತ್ತದೆ. ಚೀಲದ ಒಳಗೆ ಹಿಡಿಸದು, ಹೊರಗೆ ಕಟ್ಟಿಕೊಳ್ಳಬೇಕು. ಗಟ್ಟಿ ನೆಲದಲ್ಲಿ ಮಗ್ಗುಲಾಗಿ ಮಲಗುವವರಿಗೆ ಸೊಂಟ ನೋಯುತ್ತದೆ. ಸಾಮಾನು ಸುತ್ತಲು ಬಳಸುವ ಬಿಳಿ ಪ್ಯಾಕಿಂಗ್ ಫೋಮನ್ನು ಕತ್ತರಿಸಿಕೊಂಡು ಹೋಗುವವರೂ ಇದ್ದಾರೆ. ಒಂದೆರಡು ರಾತ್ರಿಗೆ ಅಡ್ಡಿಯಿಲ್ಲ, ಆಮೇಲೆ ಚಪ್ಪಟೆಯಾಗುತ್ತದೆ. ಯೋಗದ ಚಾಪೆಯಂತೂ ಬೇಡವೇ ಬೇಡ, ತೂಕ ಹೆಚ್ಚು, ಬೆಚ್ಚನೆ ಕಡಿಮೆ.

ಎರಡನೆಯದು ತಾನಾಗಿ ಊದಿಕೊಳ್ಳುವ ಹಾಸಿಗೆ. ಇದರ ಹುಟ್ಟು ಸ್ವಾರಸ್ಯಕರ. 1970ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಬೋಯಿಂಗ್ ವಿಮಾನ ಕಂಪನಿಯಲ್ಲಿ ಕೆಲಸ ಕಳೆದುಕೊಂಡ ಇಂಜಿನಿಯರುಗಳು ಫೋಮನ್ನು ಗಾಳಿ ಬಿಡದ ಬಟ್ಟೆಯೊಳಗೆ ಅಂಟಿಸಿ ಕವಾಟವಿಟ್ಟು ‘ಥರ್ಮ್-ಎ-ರೆಸ್ಟ್’ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟರು. ಕವಾಟ ತೆರೆದರೆ ಒಳಗಿನ ಫೋಮ್ ಅರಳಿಕೊಂಡು ಗಾಳಿ ಎಳೆದುಕೊಳ್ಳುತ್ತದೆ. ಬೆಚ್ಚಗೂ ಹೌದು, ತಾಳಿಕೆಯೂ ಹೌದು. ತೂಕ ಮತ್ತು ಗಾತ್ರ ಮಾತ್ರ ಸ್ವಲ್ಪ ಹೆಚ್ಚು. ಮನೆಯಲ್ಲಿ ಇದನ್ನು ಸುತ್ತಿ ಇಡದೆ ಕವಾಟ ತೆರೆದು ಹರಡಿ ಇಡಬೇಕು. ಇಲ್ಲವಾದರೆ ಫೋಮ್ ಅರಳುವ ಗುಣ ಕಳೆದುಕೊಳ್ಳುತ್ತದೆ.

ಮೂರನೆಯದು ಶುದ್ಧ ಗಾಳಿ ಹಾಸಿಗೆ. ಇದೇ ಹೆಚ್ಚಿನವರು ಬಯಸುವುದು. ತೂಕ 400ರಿಂದ 900 ಗ್ರಾಂ. ಇಲ್ಲಿ ಗಮನಿಸಬೇಕಾದ ಮೊದಲ ಸಂಗತಿ ಬಟ್ಟೆ. ಈಜುಕೊಳದ ಆಟಿಕೆಗಳಿಗೆ ಬಳಸುವ ಪಿವಿಸಿಯಿಂದ ಮಾಡಿದ ಹಾಸಿಗೆ ಅಗ್ಗ. ಆದರೆ ಭಾರ, ಚಳಿಗೆ ಬಿರುಸಾಗಿ ಮಡಿಕೆಯಲ್ಲಿ ಸೀಳುತ್ತದೆ. ಟಿಪಿಯು ಲೇಪನವಿರುವ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯದನ್ನೇ ಆರಿಸಬೇಕು. ಬಟ್ಟೆಯ ಎಳೆಯ ದಪ್ಪವನ್ನು ಡೆನಿಯರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 20 ಡೆನಿಯರ್ ಹಗುರ, ನಾಜೂಕು; 40 ಅಥವಾ ಅದಕ್ಕಿಂತ ಹೆಚ್ಚಿನದು ನಮ್ಮ ನೆಲಕ್ಕೆ ವಾಸಿ. ನೂರಿನ್ನೂರು ಗ್ರಾಂ ಹೆಚ್ಚು ಹೊರುವುದು ನಡುರಾತ್ರಿ ಬರಿನೆಲಕ್ಕೆ ಇಳಿಯುವುದಕ್ಕಿಂತ ಮೇಲು.

ಎರಡನೆಯದು ಕವಾಟ. ಗಾಳಿ ಒಳಹೋಗಲು ಏಕಮುಖ ಕವಾಟ, ಬಿಡಲು ದೊಡ್ಡ ಬಾಯಿ ಇದ್ದರೆ ಕೆಲಸ ಸುಲಭ. ಬಾಯಿಯಿಂದ ಊದುವುದು ಎತ್ತರದಲ್ಲಿ ತಲೆಸುತ್ತು ತರುತ್ತದೆ. ಉಸಿರಿನ ತೇವ ಒಳಸೇರಿ ಬೂಷ್ಟು ಹಿಡಿಸುತ್ತದೆ. ಗಾಳಿಚೀಲ, ಅಂದರೆ ಊದುವ ಚೀಲ, ಜೊತೆಗೆ ಬರುವುದನ್ನೇ ಕೊಳ್ಳಿ. ಇತ್ತೀಚೆಗೆ ಕಾಲಿನಿಂದ ತುಳಿದು ಊದುವ ಪಂಪ್ ಹಾಸಿಗೆಯಲ್ಲೇ ಅಡಕವಾಗಿರುವ ಮಾದರಿಗಳು ಅಗ್ಗವಾಗಿ ದೊರೆಯುತ್ತಿವೆ. ಅನುಕೂಲವೇನೋ ನಿಜ, ಆದರೆ ಆ ಪಂಪಿನ ಬೆಸುಗೆಯೇ ಸೋರಲು ಇನ್ನೊಂದು ಜಾಗ.

ಅಳತೆಯ ವಿಚಾರದಲ್ಲಿ 51 ಸೆಂ.ಮೀ. ಅಗಲ ಬೆನ್ನ ಮೇಲೆ ಮಲಗುವವರಿಗೆ ಸಾಕು. ಮಗ್ಗುಲಾಗಿ ಮಲಗುವವರು, ದಪ್ಪ ಮೈಯವರು 63 ಸೆಂ.ಮೀ. ಸುತ್ತಮುತ್ತಲಿನದನ್ನು ನೋಡಬಹುದು. ಹೊರಳಿದಾಗ ಕರಕರ ಸದ್ದು ಮಾಡುವ ಹಾಸಿಗೆಗಳಿವೆ. ಪಕ್ಕದ ಗುಡಾರದವರಿಗೂ ಕೇಳಿಸುವಷ್ಟು! ಸಾಧ್ಯವಾದರೆ ಅಂಗಡಿಯಲ್ಲೇ ಊದಿಸಿ, ಮಲಗಿ ನೋಡಲು ಸಂಕೋಚ ಬೇಡ.

ಮುಳ್ಳು, ಚಿಪ್ಪು, ಬಿಸಿಲು

ವಿದೇಶಿ ತಯಾರಕರು ಹುಲ್ಲುಗಾವಲನ್ನು ಮನಸ್ಸಿನಲ್ಲಿಟ್ಟು ಹಾಸಿಗೆ ಮಾಡಿರುತ್ತಾರೆ. ನಮ್ಮ ಬಯಲುಸೀಮೆಯ ನೆಲ ಬೇರೆ. ಚಿಕ್ಕನಾಯಕನಹಳ್ಳಿಯಿಂದ ಬೋರನಕಣಿವೆಯ ಕಡೆಗೆ ಹೋದರೆ ಕೆರೆಯಂಗಳ, ಹೊಲದ ಬದು, ಗುಡ್ಡದ ಓರೆಗಳಲ್ಲೆಲ್ಲ ಜಾಲಿ. ಒಣಗಿ ಮಣ್ಣಿನಲ್ಲಿ ಹುದುಗಿದ ಜಾಲಿ ಮುಳ್ಳು ಚಪ್ಪಲಿಯನ್ನೇ ಹಾಯುವಾಗ 20 ಡೆನಿಯರ್ ಬಟ್ಟೆ ಯಾವ ಲೆಕ್ಕ? ತೋಟದಲ್ಲಾದರೆ ಒಡೆದ ಚಿಪ್ಪಿನ ಚೂರುಗಳು. ಈ ಲೇಖಕನ ಮೊದಲ ಗಾಳಿ ಹಾಸಿಗೆ ಬೆಟ್ಟವನ್ನೇ ಕಾಣಲಿಲ್ಲ. ಪರೀಕ್ಷೆಗೆಂದು ತೋಟದಲ್ಲಿ ಹಾಸಿದ ಮೊದಲ ರಾತ್ರಿಯೇ ಬೆರಳುಗುರಿನಷ್ಟು ಚಿಪ್ಪಿಗೆ ಬಲಿಯಾಯಿತು. ಹಾಸುವ ಮುನ್ನ ಅಂಗೈಯಿಂದ ನೆಲವನ್ನು ಸವರಿ ನೋಡಬೇಕು. ಮೇಲೊಂದು ದಪ್ಪ ಟಾರ್ಪಾಲಿನ್ ಚೂರು, ಅದರ ಮೇಲೆ ಹಾಸಿಗೆ. ಮನೆಯಲ್ಲಿರುವ ಗೊಬ್ಬರದ ಖಾಲಿ ಚೀಲಗಳನ್ನು ಬಿಚ್ಚಿ ಹೊಲಿದುಕೊಂಡರೆ ಅದಕ್ಕೂ ದುಡ್ಡು ಬೇಡ.

ತೋಟವೆಂದಾಗ ಇನ್ನೊಂದು ಎಚ್ಚರಿಕೆ. ನಗರದಿಂದ ಬಂದ ಗೆಳೆಯರು ನೆರಳು ಚೆನ್ನಾಗಿದೆಯೆಂದು ತೆಂಗಿನ ಮರದ ಬುಡದಲ್ಲೇ ಗುಡಾರ ಹೂಡುವುದುಂಟು. ಊರಿನವರು ಯಾರೂ ಹಾಗೆ ಮಲಗುವುದಿಲ್ಲ. ಬಲಿತ ಕಾಯಿಯಾಗಲಿ ಒಣಗಿದ ಗರಿಯಾಗಲಿ ಹೇಳಿ ಕೇಳಿ ಬೀಳುವುದಿಲ್ಲ. ಸಾಲುಗಳ ನಡುವಿನ ತೆರಪಿನಲ್ಲಿ, ಮೇಲೆ ಆಕಾಶ ಕಾಣುವ ಕಡೆ ಜಾಗ ಹುಡುಕಬೇಕು.

ಮೂರನೆಯ ಶತ್ರು ಬಿಸಿಲು. ಗಟ್ಟಿಯಾಗಿ ಊದಿದ ಹಾಸಿಗೆಯನ್ನು ಹಗಲು ಗುಡಾರದೊಳಗೆ ಬಿಟ್ಟು ಹೋದರೆ ಒಳಗಿನ ಗಾಳಿ ಹಿಗ್ಗಿ, ಕೊಳವೆಗಳ ನಡುವಿನ ಬೆಸುಗೆ ಕಿತ್ತು, ಹಾಸಿಗೆಯ ಮೇಲೆ ಕುಂಬಳಕಾಯಿಯಂಥ ಉಬ್ಬು ಏಳುತ್ತದೆ. ಇದಕ್ಕೆ ಮನೆಯಲ್ಲಿ ಮಾಡುವ ರಿಪೇರಿ ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕವಾಟ ಸಡಿಲಿಸುವ ಅಭ್ಯಾಸ ಮಾಡಿಕೊಳ್ಳಬೇಕು. ಇದರ ತಿರುವುಮುರುವೂ ಉಂಟು. ಸಂಜೆ 30 ಡಿಗ್ರಿಯಲ್ಲಿ ಊದಿದ ಹಾಸಿಗೆ ನಸುಕಿನಲ್ಲಿ 15 ಡಿಗ್ರಿಗೆ ತಣಿದಾಗ ಒಳಗಿನ ಗಾಳಿ ಶೇಕಡಾ ಐದರಷ್ಟು ಕುಗ್ಗಿ ಹಾಸಿಗೆ ಮೆತ್ತಗಾಗುತ್ತದೆ. ಅದು ತೂತಲ್ಲ. ಮಲಗುವ ಮುನ್ನ ಇನ್ನೆರಡು ಸಲ ಊದಿದರೆ ಆಯಿತು. ಹೊಸ ಹಾಸಿಗೆಯನ್ನು ‘ಸೋರುತ್ತಿದೆ’ ಎಂದು ಹಿಂದಿರುಗಿಸುವವರಲ್ಲಿ ಹಲವರು ಈ ಕುಗ್ಗುವಿಕೆಯನ್ನೇ ತಪ್ಪಾಗಿ ತಿಳಿದವರು.

ನಿಜವಾಗಿ ಸೋರುತ್ತಿದ್ದರೆ ಸೈಕಲ್ ಟ್ಯೂಬಿನ ವಿದ್ಯೆಯೇ ಸಾಕು. ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡಿ, ಅಥವಾ ಸೋಪಿನ ನೀರು ಬಳಿದು ನೊರೆಯೇಳುವ ಜಾಗ ಗುರುತು ಮಾಡಿ. ಪೂರ್ತಿ ಒಣಗಿಸಿ, ಸ್ಪಿರಿಟ್ಟಿನಿಂದ ಒರೆಸಿ, ಜೊತೆಗೆ ಬಂದ ತೇಪೆ ಅಂಟಿಸಿ ಕೆಲವು ಗಂಟೆ ಬಿಡಬೇಕು. ತೇಪೆಯ ಪೊಟ್ಟಣ ಚೀಲದಲ್ಲಿರಬೇಕೇ ಹೊರತು ಮನೆಯ ಕಪಾಟಿನಲ್ಲಿ ಅಲ್ಲ.

ಯಾರಿಗೆ ಯಾವುದು?

ವರ್ಷಕ್ಕೆ ಎರಡು ಮೂರು ರಾತ್ರಿ, ಅದೂ ಕರ್ನಾಟಕದೊಳಗೇ ಕಳೆಯುವವರಿಗೆ ಒಳ್ಳೆಯ ಫೋಮ್ ಚಾಪೆಗಿಂತ ಹೆಚ್ಚಿನದು ಬೇಕಿಲ್ಲವೆಂಬುದು ನಮ್ಮ ಅಭಿಪ್ರಾಯ. ಅದರ ಮೇಲೆ ಅಜ್ಜನ ಕಾಲದ ಕಂಬಳಿಯೊಂದಿದ್ದರೆ ಇನ್ನೂ ಲೇಸು. ಕಂಬಳಿ ನೇಯ್ಗೆಗೆ ಹೆಸರಾಗಿದ್ದ ಚಿಕ್ಕನಾಯಕನಹಳ್ಳಿಯ ಕಡೆಯ ಮನೆಗಳಲ್ಲಿ ಅಂಥದ್ದೊಂದು ಹುಡುಕಿದರೆ ಸಿಗದಿರದು. ನಡು ವಯಸ್ಸು ದಾಟಿದವರು, ಸೊಂಟನೋವಿನವರು ಟಿಪಿಯು ಬಟ್ಟೆಯ ಸಾಧಾರಣ ಗಾಳಿ ಹಾಸಿಗೆಯನ್ನು ಈ ಫೋಮಿನ ಮೇಲೆ ಹಾಸಿಕೊಳ್ಳಬಹುದು. ಮಿತವ್ಯಯದ ದೃಷ್ಟಿಯಿಂದ ಈ ಜೋಡಿಗೆ ಸಾಟಿಯಿಲ್ಲ, ಹಿಮಾಲಯದ ಬೇಸಿಗೆ ಚಾರಣಕ್ಕೂ ಬಹುಮಟ್ಟಿಗೆ ನಡೆಯುತ್ತದೆ. ಚಳಿಗಾಲದ ಹಿಮಾಲಯಕ್ಕೆ ಮಾತ್ರ ಅಗ್ಗದ ದಾರಿ ಹುಡುಕಬಾರದು. ಅಂಥ ಚಾರಣ ಒಮ್ಮೆ ಮಾತ್ರವೆಂದಿದ್ದರೆ ಕೊಳ್ಳುವ ಬದಲು ಬಾಡಿಗೆಗೆ ಪಡೆಯುವುದು ಜಾಣತನ. ಸಂಘಟಿತ ಚಾರಣಗಳಲ್ಲಿ ಸಾಮಾನ್ಯವಾಗಿ ಹಾಸು ಹೊದಿಕೆ ಆಯೋಜಕರದ್ದೇ ಆಗಿರುತ್ತದೆ. ಹಣ ಕಟ್ಟುವ ಮೊದಲೇ ಯಾವ ಬಗೆಯ ಹಾಸು, ಎಷ್ಟು ದಪ್ಪ, ಒಬ್ಬರಿಗೆ ಒಂದೋ ಎರಡೋ ಎಂದು ಕೇಳಿ ತಿಳಿದುಕೊಳ್ಳಿ. ಕೇಳಿದ್ದಕ್ಕೆ ತಡವರಿಸುವವರ ಜೊತೆ ಎತ್ತರಕ್ಕೆ ಹೋಗುವ ಮುನ್ನ ಇನ್ನೊಮ್ಮೆ ಯೋಚಿಸಬೇಕು.

ಹಾಸಿಗೆ ಕೊಂಡ ಮಾತ್ರಕ್ಕೆ ಎಲ್ಲೆಂದರಲ್ಲಿ ಮಲಗುವಂತಿಲ್ಲ. 2024ರ ಜನವರಿಯ ಕೊನೆಯ ವಾರಾಂತ್ಯದಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಮಂದಿ ಜಮಾಯಿಸಿದ ಬಳಿಕ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಡೆಹಿಡಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಬುಕಿಂಗ್ ವ್ಯವಸ್ಥೆ ಜಾರಿಗೆ ಬಂದಿತು. ಅರಣ್ಯದೊಳಗಿನ ಹಲವು ದಾರಿಗಳಲ್ಲಿ ರಾತ್ರಿ ತಂಗಲು ಅವಕಾಶವೇ ಇಲ್ಲ. ಎಲ್ಲಿ ತಂಗಬಹುದು ಎಂಬುದನ್ನು ಮೊದಲು ಖಚಿತಪಡಿಸಿಕೊಂಡು, ಅಲ್ಲಿನ ರಾತ್ರಿಯ ಉಷ್ಣತೆಯನ್ನು ವಿಚಾರಿಸಿ, ಆಮೇಲೆ ಹಾಸಿಗೆಯ ಅಂಗಡಿಗೆ ಹೋಗುವುದು ಸರಿಯಾದ ಕ್ರಮ. ಕೊಂಡು ತಂದ ಮೇಲೆ ಮಾಳಿಗೆಯ ಮೇಲೋ ಜಗಲಿಯಲ್ಲೋ ಹಾಸಿ, ಹಿಂದಿರುಗಿಸುವ ಗಡುವು ಮುಗಿಯುವ ಮುನ್ನ ಕನಿಷ್ಠ ಎರಡು ಇಡೀ ರಾತ್ರಿ ಅದರ ಮೇಲೆ ಮಲಗಿ ನೋಡಿ. ಬಿಲ್ಲನ್ನು ಅಲ್ಲಿಯವರೆಗೆ ಜೋಪಾನವಾಗಿಡಿ.